ಲೀಡ್ಸ್‌ನ ಕೆಬೆದೆ ಮತ್ತು ನಾನು ಹಚ್ಚಿದ ಚೀಟಿ

ಲೆಮಿಂಗ್ಟನ್ ಸ್ಪಾ

ಇಂಗ್ಲೆಂಡಿನಲ್ಲಿರುವ ಮೊಮ್ಮಗಳು ವಿದ್ಯಾ ಬ್ಯಾಡ್ಮಿಂಟನ್ ಆಡಲು ಹೋಗಿ ಮೊಣಕಾಲು ತಿರುಚಿಕೊಂಡು ಆಪರೇಷನ್ ಮಾಡಿಸಿಕೊಂಡಳು. ಎರಡು ತಿಂಗಳು ಅಡುಗೆಗೆ ಒಬ್ಬರು ಬೇಕಾಗಿತ್ತು. ಅವಳ ಅವ್ವನಿಗೆ ಶಾಲೆಯಿಂದ ರಜೆ ಸಿಗಲಿಲ್ಲ. ನಾನು ಯಾರ ಹತ್ತಿರವೂ ರಜೆ ಕೇಳಬೇಕಾಗಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕರೆತಂದು ನನ್ನನ್ನೇ ವಿಮಾನ ಹತ್ತಿಸಿದರು. ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಕೂತೆ, ಇಳಿದೆ.

ವಿದ್ಯಾಳ ಮನೆ ಹಳೆಯದು. ಮುಖ ತೊಳೆಯುವ ತೊಟ್ಟಿ ಒಂದೇ, ನಲ್ಲಿ ಮಾತ್ರ ಎರಡು. ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೈ ಮರಗಟ್ಟುವ ನೀರು. ಎರಡನ್ನೂ ಕೂಡಿಸುವ ಬುದ್ಧಿ ಈ ಮಂದಿಗೆ ಯಾಕೆ ಬರಲಿಲ್ಲವೋ. ಪೇಟೆಯಿಂದ ಒಂದು ಬಕೆಟ್ಟು, ಒಂದು ಜಗ್ಗು ತರಿಸಿಕೊಂಡೆ. ಅಲ್ಲಿಗೆ ಆ ತಾಪತ್ರಯ ಮುಗಿಯಿತು.

ಇಲ್ಲಿಯ ಜನ ಮಾತಿಗೆ ಮುಂಚೆ ಸಾರಿ ಅನ್ನುತ್ತಾರೆ. ನಾನೇ ಹೋಗಿ ಡಿಕ್ಕಿ ಹೊಡೆದರೂ ಅವರೇ ಸಾರಿ ಅನ್ನುತ್ತಾರೆ. ನಿಜವೋ ಸುಳ್ಳೋ ನೋಡೋಣವೆಂದು ಅಂಗಡಿಯಲ್ಲಿ ಒಬ್ಬನ ಕಾಲಿಗೆ ಬೇಕಂತಲೇ ಬುಟ್ಟಿ ತಾಗಿಸಿದೆ. ಅಂದ.

ವಿದ್ಯಾಳ ಕೆಲಸ ಏನು ಎಂದು ಊರಲ್ಲಿ ಯಾರಾದರೂ ಕೇಳಿದರೆ ನಾನು ಇಂಜಿನಿಯರ್ ಅಂದುಬಿಡುತ್ತಿದ್ದೆ. ಇಲ್ಲಿ ಕಣ್ಣಾರೆ ನೋಡಿದೆ. ಕಂಪ್ಯೂಟರಿನಲ್ಲಿ ಆಡುವ ಆಟಗಳಿಗೆ ಸದ್ದು ಮಾಡುವುದು ಅವಳ ಕೆಲಸ. ಆಟದಲ್ಲಿ ಯಾರದಾದರೂ ಕೈ ಮುರಿದರೆ ಇವಳು ಮೈಕಿನ ಮುಂದೆ ಸೊಪ್ಪಿನ ದಂಟು ಮುರಿಯುತ್ತಾಳೆ. ಕೆಸರಿನಲ್ಲಿ ನಡೆದರೆ ಇವಳು ಕಲಸಿದ ಹಿಟ್ಟು ಹಿಚುಕುತ್ತಾಳೆ. ಅದಕ್ಕೆ ಸಂಬಳ ಕೊಡುತ್ತಾರೆ.

ಅದೇ ಆಫೀಸಿನಲ್ಲಿ ಕಾಲಿನ್ ಎಂಬುವನಿದ್ದಾನೆ. ಐವತ್ತರ ಮೇಲಿನವನು, ತೆಳ್ಳಗಿನ ಬಿಳಿಯ. ವಿದ್ಯಾಳ ಕಾಲು ನೋಡಲು ಸೂಪು ಹಿಡಿದುಕೊಂಡು ಬಂದ. ಕೈಯಲ್ಲಿ ಪಾತ್ರೆ ಇದ್ದಾಗಲೇ ನನಗೆ ನಮಸ್ತೆ ಮಾಡಲು ಹೋಗಿ ಅರ್ಧ ಸೂಪು ಜಮಖಾನೆಗೆ ಚೆಲ್ಲಿದ. ಆಗಲೂ ಸಾರಿ ಅಂದ. ಆಗ ಮಾತ್ರ ಅದು ಸರಿಯಾದ ಜಾಗದಲ್ಲಿ ಬಂತು.

ಇಥಿಯೋಪಿಯಾ ದೇಶದ ಹಳೆಯ ಗ್ರಾಮೋಫೋನ್ ರಿಕಾರ್ಡುಗಳನ್ನು ಹುಡುಕುವುದು ಅವನ ಹುಚ್ಚು. ಹುಡುಕಿ, ಸ್ವಚ್ಛ ಮಾಡಿ, ಅವೇ ಹಾಡುಗಳನ್ನು ಹೊಸ ರಿಕಾರ್ಡಿಗೆ ಹಾಕಿ ಮಾರುತ್ತಾನಂತೆ. ಕೊಳ್ಳುವವರೂ ಇದ್ದಾರಂತೆ.

"ಅಲ್ಲಿ ರಾಜ ಇದ್ದ ಕಾಲದ ಹಾಡು, ಆಯಿ" ಎಂದು ವಿದ್ಯಾ ತಿಳಿಸಿದಳು. ಆಯಿ ಅಂದರೆ ನಾನು, ಅಜ್ಜಿ. "ಜಾಝ್, ಸೋಲ್ ಅಂತಾರ. ಮಂದಿ ಪೂರಾ ಮರತಬಿಟ್ಟಿದ್ರು. ಈಗ ಮತ್ತ ರಿಡಿಸ್ಕವರ್ ಮಾಡಾಕತ್ತಾರ."

"ಮರತಿದ್ದು ಯಾರು? ಆ ದೇಶದವ್ರೋ, ಇವ್ರೋ?"

ಅವಳು ಸ್ವಲ್ಪ ಯೋಚಿಸಿದಳು. "ಆ ದೇಶದವ್ರು ಮರತಿಲ್ಲ. ಇವರಿಗೆ ಮದ್ಲ ಗೊತ್ತಽ ಇರಲಿಲ್ಲ."

"ಹಂಗಾದ್ರ ಮರತಿದ್ದಲ್ಲ ಬಿಡು."

ಕಾಲಿನ್‌ಗೆ ಇದನ್ನು ಹೇಳಬೇಡ ಅಂದರೂ ಹೇಳಿಬಿಟ್ಟಳು. ಅವನು ಕೆಂಪಗಾಗಿ ನಕ್ಕ. ಬರುವ ಭಾನುವಾರ ಊಟಕ್ಕೆ ಬನ್ನಿ ಅಂದ.

ಕೊವೆಂಟ್ರಿ

ಕಾಲಿನ್‌ನ ಊಟವೆಂದರೆ ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಗಜ್ಜರಿ, ಬೇಯಿಸಿದ ಕೋಸು. ನಾನು ಚೀಲದಲ್ಲಿ ಶೇಂಗಾ ಚಟ್ನಿಪುಡಿ ಒಯ್ದಿದ್ದೆ. ಮೂವರೂ ಅದನ್ನೇ ಉದುರಿಸಿಕೊಂಡು ತಿಂದೆವು. ಕಾಲಿನ್ ಎರಡು ಸಲ ನೀರು ಕುಡಿದ, ಮೂರನೇ ಸಲ ಚಟ್ನಿ ಹಾಕಿಸಿಕೊಂಡ.

ಊಟವಾದ ಮೇಲೆ ಒಳಗಿನ ಕೋಣೆಗೆ ಕರೆದ. ನಾಲ್ಕು ಗೋಡೆಗೂ ರಿಕಾರ್ಡು. ಒಂದು ಚಿಕ್ಕ ರಿಕಾರ್ಡನ್ನು ಹಂಚಿನ ಮೇಲಿನ ರೊಟ್ಟಿ ಎತ್ತುವ ಹಾಗೆ ತುದಿಬೆರಳಲ್ಲಿ ತೆಗೆದು ಹಾಕಿದ. ಇವನು ತರಲಿರುವ ಹೊಸ ರಿಕಾರ್ಡಿನಲ್ಲಿ ಇದೇ ಮೊದಲ ಹಾಡು, ಇದನ್ನು ಕೇಳಿದವರೆಲ್ಲ ಇದಕ್ಕೇ ಬೀಳುತ್ತಾರೆ ಎಂದು ವಿದ್ಯಾ ಹೇಳಿದಳು.

ಮೊದಲು ಸ್ಯಾಕ್ಸೋಫೋನು ಬಂತು. ನಮ್ಮ ಕಡೆ ಮದುವೆಯ ಬ್ಯಾಂಡಿನವರು ಊದುವ ವಾದ್ಯವೇ. ಆದರೆ ಇದನ್ನು ಊದುವವನಿಗೆ ಯಾವ ಮೆರವಣಿಗೆಯ ಅವಸರವೂ ಇದ್ದಂತೆ ಕಾಣಲಿಲ್ಲ. ಆಮೇಲೆ ಒಬ್ಬ ಗಂಡಸು ಹಾಡಿದ. ದನಿಯನ್ನು ಒಂದು ಕಡೆ ನಿಲ್ಲಿಸದೆ ನಡುಗಿಸುತ್ತ, ಬಿಟ್ಟು ಹಿಡಿಯುತ್ತ ಹಾಡಿದ. ನಮ್ಮತ್ತೆ ಬೀಸುವಾಗ ಹಾಡುತ್ತಿದ್ದ ಪದಗಳ ಜಾಡು ಅದರಲ್ಲಿ ಎಲ್ಲೋ ಇತ್ತು. ಚೆನ್ನಾಗಿತ್ತು. ಚೆನ್ನಾಗಿದೆ ಅಂದೆ.

ಹಾಡು ಮುಗಿದ ಮೇಲೆ ರಿಕಾರ್ಡನ್ನು ನನ್ನ ಕೈಗೆ ಕೊಟ್ಟ. ನಾನು ಹೆಬ್ಬೆರಳಿನಿಂದ ಅದರ ಅಂಚು ಸವರಿದೆ. ಒಂದು ಮಗ್ಗುಲು ಚೂಪಾಗಿತ್ತು. ಕನ್ನಡಕ ಹಾಕಿಕೊಂಡು ನಡುವಿನ ಚೀಟಿ ನೋಡಿದೆ. ಹಳದಿ ಕಾಗದ, ಮೇಲೊಂದು ಕೊಕ್ಕರೆಯ ಚಿತ್ರ, ಕೆಳಗೆ ಅವರ ಅಕ್ಷರ. ಮೊದಲ ಅಕ್ಷರ ಸ್ಟೂಲಿನ ಹಾಗಿತ್ತು. ಚೀಟಿಗೂ ಹಾಡಿನ ಗೆರೆಗೂ ನಡುವೆ ನುಣುಪಾದ ಜಾಗ ಇರುತ್ತದೆ. ಅಲ್ಲಿ ಸಣ್ಣಗೆ ನಂಬರು ಕೊರೆದಿರುತ್ತಾರೆ. ಕೊನೆಗೆ ನಲವತ್ತೊಂದು ಇತ್ತು.

"ಈ ಹಾಡಿಗೆ ಈ ಚೀಟಿ ಅಲ್ಲ. ತಪ್ಪೈತಿ" ಅಂದೆ.

"ನಿನಗ ಹೆಂಗ ಗೊತ್ತು?" ಅಂದಳು ವಿದ್ಯಾ.

"ನಾನಽ ಹಚ್ಚೀನಲ್ಲ."

ವಿದ್ಯಾ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕಾಲಿನ್ ಹಿಂದೆ ನೋಡದೆ ಕುರ್ಚಿಯ ಮೇಲೆ ಕೂತ. ಕುರ್ಚಿಯ ಮೇಲೆ ಅವನ ನಾಯಿ ಮಲಗಿತ್ತು. ನಾಯಿಗೂ ಸಾರಿ ಅಂದ.

ನನ್ನ ಗಂಡ ಮುಂಬೈಯ ಬಂದರಿನಲ್ಲಿ ಹಮಾಲ. ನಾನು ಮದುವೆಯಾದ ವರ್ಷವೇ ಅಲ್ಲಿನ ಒಂದು ರಿಕಾರ್ಡು ಕಾರ್ಖಾನೆಗೆ ಸೇರಿದೆ. ಏಳು ವರ್ಷ ದುಡಿದೆ. ಮನೆಯಲ್ಲಿ ಇದರ ಕಥೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಗಂಡಸರು ಪ್ರೆಸ್ಸು ಒತ್ತುತ್ತಿದ್ದರು. ಕೆಳಗೊಂದು ಚೀಟಿ, ಮೇಲೊಂದು ಚೀಟಿ, ನಡುವೆ ಬಿಸಿ ಪ್ಲಾಸ್ಟಿಕ್ಕಿನ ಉಂಡೆ. ಪ್ರೆಸ್ಸು ಮುಚ್ಚಿ ತೆಗೆದರೆ ರಿಕಾರ್ಡು. ಸುತ್ತ ಹೊರಬಂದ ಅಂಚನ್ನು ತಿರುಗುವ ಚಾಕುವಿಗೆ ಹಿಡಿದು ಕತ್ತರಿಸುವುದು ಹೆಂಗಸರ ಕೆಲಸ. ನಮ್ಮ ಚಾಕು ಓರೆಯಾಗಿತ್ತು. ಎಷ್ಟು ಹೇಳಿದರೂ ಸರಿ ಮಾಡಿಸಲಿಲ್ಲ.

ಚೀಟಿ ಒಣಗಿಸುವುದೂ ನಮ್ಮದೇ ಕೆಲಸ. ಹಸಿ ಚೀಟಿ ಪ್ರೆಸ್ಸಿನ ಬಿಸಿಗೆ ಉಬ್ಬುತ್ತದೆ. ಅದಕ್ಕೆ ಮೊದಲು ಕಟ್ಟು ಕಟ್ಟಾಗಿ ಒಲೆಯಲ್ಲಿ ಇಡಬೇಕು. ಒಂದೊಂದು ಕಟ್ಟಿನ ಮೇಲೆ ಅದು ಯಾವ ಅಚ್ಚಿಗೆ ಹೋಗಬೇಕೆಂದು ನಂಬರು ಬರೆದ ಕಾಗದ. ಒಲೆಗೆ ಇಡುವಾಗ ಆ ಕಾಗದ ತೆಗೆಯಬೇಕು, ಒಣಗಿದ ಮೇಲೆ ಮತ್ತೆ ಇಡಬೇಕು. ಆಗ ನನಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಅದೂ ಅರ್ಧಮರ್ಧ. ಹಿಂದಿ ಚೀಟಿ, ತಮಿಳು ಚೀಟಿ, ಅರಬ್ಬಿ ಚೀಟಿ, ಎಲ್ಲವನ್ನೂ ಆಕಾರ ನೋಡಿ ಗುರುತು ಇಟ್ಟುಕೊಳ್ಳುತ್ತಿದ್ದೆ. ಆಫ್ರಿಕಾದಿಂದ ಬಂದ ಒಂದು ಆರ್ಡರಿನಲ್ಲಿ ಎರಡು ರಿಕಾರ್ಡಿಗೆ ಎರಡು ಹಳದಿ ಕಟ್ಟು ಇದ್ದವು, ಹಿಂಬದಿಯಲ್ಲಿ ಬರೀ ವಾದ್ಯ. ಒಂದರ ಮೊದಲ ಅಕ್ಷರ ಸ್ಟೂಲು. ಇನ್ನೊಂದರದು ನಡುವೆ ಗೆರೆ ಎಳೆದ ರೊಟ್ಟಿ. ರೊಟ್ಟಿಯದು ನಲವತ್ತೊಂದಕ್ಕೆ, ಸ್ಟೂಲಿನದು ನಲವತ್ತೆರಡಕ್ಕೆ ಹೋಗಬೇಕಿತ್ತು. ನಾನು ನಂಬರಿನ ಕಾಗದ ಅದಲುಬದಲು ಇಟ್ಟೆ.

ಸಂಜೆ ಕೆಲಸದ ಹಾಳೆಯಲ್ಲಿ ಅಂಟಿಸಿದ್ದ ಮಾದರಿ ಚೀಟಿ ಕಂಡಾಗ ಗೊತ್ತಾಯಿತು. ಅಷ್ಟರಲ್ಲಿ ಎಲ್ಲ ಒತ್ತಿ ಆಗಿತ್ತು. ಮೇಸ್ತ್ರಿಗೆ ಹೇಳಿದೆ. "ಅಲ್ಲಿ ಓದುವವರು ಯಾರಿದ್ದಾರೆ, ಕಟ್ಟು" ಅಂದ. ನಾನೂ ಓದಲು ಬಾರದವಳು, ಆ ಮಾತು ನನಗೂ ತಾಗಿತು. ಆದರೂ ಕಟ್ಟಿದೆ. ನೌಕರಿ ಬೇಕಾಗಿತ್ತು.

ಕಾಲಿನ್ ರಿಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ಆ ನಂಬರನ್ನು ತಾನೂ ನೋಡಿದ. ಆಮೇಲೆ ಅವನು ಹೇಳಿದ್ದು ಇದು. ಈ ಚೀಟಿಯ ಮೇಲಿನ ಹೆಸರು ಕೆಬೆದೆ. ಆತ ಬದುಕಿದ್ದಾನೆ, ಲೀಡ್ಸ್‌ನಲ್ಲಿದ್ದಾನೆ, ಬಸ್ ಡ್ರೈವರ್ ಆಗಿದ್ದು ನಿವೃತ್ತನಾಗಿದ್ದಾನೆ. ಕಾಲಿನ್ ಕಷ್ಟಪಟ್ಟು ಹುಡುಕಿ ಹೋಗಿ ಹಾಡು ಕೇಳಿಸಿದಾಗ ಆತ, ಇದು ನಾನಲ್ಲ, ಇದು ವೊರ್ಕು ಅಂದನಂತೆ. ವೊರ್ಕು ಆತನ ಗೆಳೆಯ, ಸತ್ತು ಎಷ್ಟೋ ವರ್ಷವಾಯಿತು. ಚೀಟಿಯ ಮೇಲಿರುವ ಹಾಡಿನ ಹೆಸರು ಹಾಡಿನೊಳಗೆ ಎಲ್ಲೂ ಬರುವುದಿಲ್ಲ ಅಂತಲೂ ಆತ ಹೇಳಿದ. ಹಳೆಯ ಹಾಡುಗಳು ಹಾಗೇ ಇರಬಹುದು ಎಂದು ಕಾಲಿನ್ ಸುಮ್ಮನಾದನಂತೆ.

"ಯಾರೂ ನಂಬಲಿಲ್ಲ, ಆಯಿ. ಅಜ್ಜಗ ನೆನಪು ಹೋಗಾಕತ್ತೈತಿ ಅಂದ್ಕೊಂಡಾರ. ಮಗಳು ಡಾಕ್ಟರ್ ಕಡೆ ಕರಕೊಂಡು ಹೋಗ್ಯಾಳಂತ. ಬರೋ ವಾರ ಮರವಿನ ಟೆಸ್ಟ್ ಐತಿ. ಅದರ ಮ್ಯಾಲೆ ಅವರನ್ನ ಒಬ್ಬರಽ ಮನಿಯೊಳಗ ಬಿಡಬೇಕೋ, ವಯಸ್ಸಾದವರ ಹೋಮ್‌ನಾಗ ಇಡಬೇಕೋ ನೋಡ್ತಾರಂತ."

"ಯಾವಾಗ ಹೋಗೂಣು?" ಅಂದೆ.

ಲೀಡ್ಸ್

ಕಾಲಿನ್‌ನ ವ್ಯಾನಿನಲ್ಲಿ ಹೋದೆವು. ದಾರಿಯುದ್ದಕ್ಕೂ ಕುರಿ. ಒಂದು ಕುರಿಯೂ ರಸ್ತೆಗೆ ಬರಲಿಲ್ಲ. ಕಾಯುವವರು ಯಾರೂ ಇರಲಿಲ್ಲ.

ಲೀಡ್ಸ್‌ನಲ್ಲಿ ಕೆಂಪು ಇಟ್ಟಿಗೆಯ ಮನೆಗಳು ಬೆನ್ನಿಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿವೆ. ನಮ್ಮ ಮುಂಬೈಯ ಚಾಳನ್ನು ಮಲಗಿಸಿದರೆ ಹೀಗೇ ಕಾಣುತ್ತದೆ. ಹೂವಿನ ಅಂಗಡಿಯವನು ನನ್ನನ್ನು "ಲವ್" ಅಂದ. ನಾನು ವಿದ್ಯಾಳ ಮುಖ ನೋಡಿದೆ. "ಇಲ್ಲಿ ಎಲ್ಲಾರಿಗೂ ಹಂಗಽ ಅಂತಾರ. ನಮ್ಮ ಸಂತ್ಯಾಗ ಯವ್ವಾ ಅಂತಾರಲ್ಲಾ, ಹಂಗ" ಅಂದಳು. ಹಾಗಾದರೆ ಸರಿ.

ಬಾಗಿಲು ತೆಗೆದವಳು ಕೆಬೆದೆಯ ಮಗಳು ಹಿರುತ್. ನಲವತ್ತೈದರ ಹೆಂಗಸು, ಆಸ್ಪತ್ರೆಯಲ್ಲಿ ಔಷಧಿ ವಿಭಾಗದ ಕೆಲಸ, ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು. ಕೆಟ್ಟವಳಲ್ಲ. ದಣಿದವಳು. ಕೆಬೆದೆ ಎತ್ತರದ ಮುದುಕ, ಇಸ್ತ್ರಿ ಮಾಡಿದ ಅಂಗಿ. ನನ್ನನ್ನು ಕಂಡ ಕೂಡಲೇ ಇಂಡಿಯಾದವರೋ ಎಂದು ಕೇಳಿದ. ಇನ್ನು ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ವಿದ್ಯಾ ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ.

"ನನಗ ಗಣಿತ ಕಲಿಸಿದ ಮಾಸ್ತರು ಇಂಡಿಯಾದವ್ರು. ಕೇರಳದವ್ರು. ಭಾಳ ಹೊಡೀತಿದ್ರು" ಅಂದ ಕೆಬೆದೆ.

"ಗಣಿತ ಬಂತೋ ಇಲ್ಲೋ?"

"ಬಂತು."

ನಾನು ಕಾರ್ಖಾನೆಯ ವಿಷಯ ಹೇಳಿದೆ. ಬಿಡದೆ ಹೇಳಿದೆ, ಮೇಸ್ತ್ರಿಯ ಮಾತೂ ಸೇರಿಸಿ. ಕೆಬೆದೆ ನನ್ನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದ.

"ಈ ಕೈಯಾ?"

"ಇದಽ."

"ಇಂಡಿಯಾದವ್ರು ನನಗ ಎರಡು ಸಲ ಅನ್ಯಾಯ ಮಾಡ್ಯಾರ" ಎಂದು ಮಗಳಿಗೆ ಹೇಳಿ ಕೈ ಬಿಟ್ಟ.

ಆಮೇಲೆ ತನ್ನ ಕಡೆಯದನ್ನು ಹೇಳಿದ. ರಿಕಾರ್ಡು ಅವರ ಊರಿಗೆ ಬಂದ ದಿನವೇ ಅವನೂ ವೊರ್ಕುವೂ ಅಂಗಡಿಗೆ ಹೋಗಿ ಹಾಕಿಸಿ ಕೇಳಿದ್ದರು. ಇವನ ಹೆಸರಲ್ಲಿ ಅವನು ಹಾಡುತ್ತಿದ್ದ, ಅವನ ಹೆಸರಲ್ಲಿ ಇವನು. ಅಂಗಡಿಯವನು ಹೊಸ ಚೀಟಿ ತರಿಸುತ್ತೇನೆ ಅಂದ. ಅಷ್ಟರಲ್ಲಿ ರಾಜ ಹೋಗಿ ಮಿಲಿಟರಿಯವರು ಬಂದರು, ಅಂಗಡಿ ಮುಚ್ಚಿತು. ವೊರ್ಕುವನ್ನು ಹಿಡಿದುಕೊಂಡು ಹೋದವರು ತಿರುಗಿ ಕಳಿಸಲಿಲ್ಲ. ಇವನು ಸುಡಾನಿನ ದಾರಿ ಹಿಡಿದ.

"ಇದನ್ನ ನನಗ ಯಾವತ್ತೂ ಹೇಳಿಲ್ಲ" ಅಂದಳು ಹಿರುತ್. "ಅಪ್ಪ ಹಾಡ್ತಿದ್ದ ಅನ್ನೋದಽ ಕಾಲಿನ್ ಬಂದ ಮ್ಯಾಲೆ ಗೊತ್ತಾಗಿದ್ದು."

"ನೀ ಕೇಳಿದ್ಯಾ?" ಅಂದ ಅಪ್ಪ.

ಹಿರುತ್ ನನ್ನ ಕಡೆ ತಿರುಗಿ ಮೆತ್ತಗೆ ಮಾತಾಡಿದಳು. ಐವತ್ತು ವರ್ಷದ ಹಿಂದಿನ ಒಂದು ಕಾಗದದ ಚೀಟಿ ಯಾರಿಗೆ ನೆನಪಿರುತ್ತದೆ, ನೀವು ಒಳ್ಳೆಯ ಮನಸ್ಸಿನಿಂದ ಬಂದಿದ್ದೀರಿ, ಅಪ್ಪನಿಗೆ ಸಮಾಧಾನ ಹೇಳಿದ್ದಕ್ಕೆ ಉಪಕಾರವಾಯಿತು ಅಂದಳು. ಇಬ್ಬರು ಮುದುಕರು ಒಂದೇ ಮಾತು ಹೇಳಿದರೆ ಅದು ಸಾಕ್ಷಿಯಾಗುವುದಿಲ್ಲ, ಇಬ್ಬರಿಗೂ ಅರಳುಮರಳು ಎಂದಾಗುತ್ತದೆ. ಅವಳು ಹಾಗೆ ಅನ್ನಲಿಲ್ಲ. ನಾನು ಅರ್ಥ ಮಾಡಿಕೊಂಡೆ.

ಕೆಬೆದೆ ಕಾಲಿನ್‌ಗೆ ಹೇಳಿದ: "ನೋಡು, ಆ ಹಾಡು ನಂದು ಅಂತ ಸುಳ್ಳು ಹೇಳಿದ್ರ ನನ್ನ ನೆನಪು ಬರೋಬ್ಬರಿ ಐತಿ ಅಂತಾರ. ಖರೇ ಹೇಳಿದ್ರ ತಲಿ ಕೆಟ್ಟೈತಿ ಅಂತಾರ. ಟೆಸ್ಟಿನೊಳಗ ಏನ್ ಹೇಳ್ಲಿ?"

ನಾನು ಕೇಳಿದೆ: ವೊರ್ಕುವಿನ ಹೆಸರಿನ ರಿಕಾರ್ಡು ಎಲ್ಲಾದರೂ ಇದೆಯೇ? ಅದರಲ್ಲಿ ಕೆಬೆದೆಯ ದನಿ ಇರಲೇಬೇಕಲ್ಲ.

ಒಂದಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ, ವೊರ್ಕುವಿನ ತಂಗಿ ಅಲ್ಮಾಜ್‌ಳ ಮನೆಯಲ್ಲಿ. ಕಾಲಿನ್ ಎರಡು ಸಲ ಹೋಗಿ ಕೇಳಿದ್ದ. ಎರಡು ಸಲವೂ ಆಕೆ ಕೊಟ್ಟಿರಲಿಲ್ಲ. ಅದು ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿದೆ, ಅಣ್ಣನದು ಎಂದು ಉಳಿದ ವಸ್ತು ಅದೊಂದೇ, ಮುಳ್ಳು ತಾಗಿಸಿದರೆ ಸವೆಯುತ್ತದೆ ಅಂದಿದ್ದಳು.

ಬರ್ಮಿಂಗ್‌ಹ್ಯಾಮ್

ಅಲ್ಮಾಜ್‌ಳ ಮನೆಗೆ ಎರಡು ದಿನ ಬಿಟ್ಟು ಹೋದೆವು. ಬರ್ಮಿಂಗ್‌ಹ್ಯಾಮಿನಲ್ಲಿ ಅರ್ಧ ದಾರಿ ನಮ್ಮದೇ ದೇಶ ಅನ್ನಿಸುತ್ತದೆ. ಮೆಂತ್ಯ ಸೊಪ್ಪು, ಹಾಗಲಕಾಯಿ ಅಂಗಡಿಯ ಹೊರಗೇ ಇಟ್ಟಿದ್ದರು. ಹಾಗಲಕಾಯಿ ಬಲಿತಿತ್ತು. ಕೊಳ್ಳಲಿಲ್ಲ.

ಅಲ್ಮಾಜ್ ಅರವತ್ತರ ಹತ್ತಿರದವಳು, ಬಿಳಿ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಿದ್ದಳು. ನಮ್ಮನ್ನು ಕೂರಿಸಿ ಕಾಫಿ ಶುರು ಮಾಡಿದಳು. ನಮ್ಮಲ್ಲಿ ಕಾಫಿ ಅಂದರೆ ತಂದು ಕೊಡುವುದು. ಅವರಲ್ಲಿ ಹಸಿ ಬೀಜ ತೊಳೆಯುವುದರಿಂದ ಶುರು. ನಮ್ಮ ಮುಂದೆಯೇ ಹುರಿದಳು, ಹೊಗೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತಂದಳು, ಕುಟ್ಟಿದಳು, ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿದಳು. ಜೊತೆಗೆ ಜೋಳದ ಅರಳು. ಕಾಫಿಗೆ ಅರಳು ಹೊಂದುತ್ತದೆ ಎಂದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.

ಒಂದು ಬಟ್ಟಲು ಕುಡಿದು, ಬಂದ ಕೆಲಸ ನೋಡೋಣವೆಂದು ಎದ್ದು ನಿಂತೆ. ಕಾಲಿನ್ ನನ್ನ ಸೆರಗು ಹಿಡಿದು ಎಳೆದು ಕೂರಿಸಿದ. ಮೂರು ಬಟ್ಟಲು ಕುಡಿಯದೆ ಎದ್ದರೆ ಆ ಮನೆಗೆ ಅವಮಾನವಂತೆ. ಬಿಳಿಯನೊಬ್ಬ ನನ್ನ ಸೆರಗು ಎಳೆದದ್ದು ಇದೇ ಮೊದಲು. ಆಮೇಲೆ ಅವನಿಗೇ ನಾಚಿಕೆಯಾಗಿ ಅರಳಿನ ಬಟ್ಟಲು ನೋಡುತ್ತ ಕೂತ.

ರಿಕಾರ್ಡು ಎದುರಿನ ಗೋಡೆಯಲ್ಲೇ ಇತ್ತು. ಪಕ್ಕದಲ್ಲಿ ಒಬ್ಬ ಹುಡುಗನಂಥ ಗಂಡಸಿನ ಫೋಟೋ, ದಪ್ಪ ಕೂದಲು. ಹಳದಿ ಚೀಟಿ, ಕೊಕ್ಕರೆ, ನಡುವೆ ಗೆರೆ ಎಳೆದ ರೊಟ್ಟಿ. ನನ್ನ ಎರಡನೇ ಕಟ್ಟು.

ಎರಡನೇ ಬಟ್ಟಲು ಬಂದಾಗ ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ಆ ಗಾಜಿನ ಹಿಂದ ಇರೋದು ನಿಮ್ಮ ಅಣ್ಣನ ಹೆಸರು ಅಷ್ಟ. ದನಿ ಅವರದಲ್ಲ. ಹಚ್ಚುವಾಗ ನಾ ತಪ್ಪು ಮಾಡೀನಿ."

"ಆಯಿ, ಸ್ವಲ್ಪ ಸಾವಕಾಶ" ಅಂದಳು ವಿದ್ಯಾ.

"ನೀ ಹೇಳು. ನಾ ಅಂದಂಗಽ ಹೇಳು."

ಹೇಳಿದಳು. ಅಲ್ಮಾಜ್ ಕಾಫಿ ಬಗ್ಗಿಸುತ್ತಿದ್ದಳು, ಬಗ್ಗಿಸಿ ಮುಗಿಸಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಆಮೇಲೆ ಹೂಜಿ ಕೆಳಗಿಟ್ಟು ಕೇಳಿದಳು: "ಹಂಗಾದ್ರ ನಮ್ಮಣ್ಣ ಎಲ್ಲಿದಾನ?"

ಕಾಲಿನ್ ತನ್ನ ಫೋನಿನಲ್ಲಿ ಆ ಹಾಡು ಹಾಕಿದ.

ಆಕೆಯ ಅಣ್ಣ ಹೋದಾಗ ಆಕೆಗೆ ಏಳು ವರ್ಷ. ದನಿಯ ಗುರುತು ಸಿಕ್ಕಿತೋ ಇಲ್ಲವೋ ನಾನು ಹೇಳಲಾರೆ. ಆಕೆ ಅಳಲಿಲ್ಲ. ಪೂರ್ತಿ ಕೇಳಿದಳು. ಕೊನೆಗೆ, ಇದನ್ನು ಎಷ್ಟೋ ಸಲ ಕೇಳಿದ್ದೇನೆ, ಇಲ್ಲಿಯ ಹೋಟೆಲಿನಲ್ಲಿ ಹಾಕುತ್ತಾರೆ, ಕೆಬೆದೆ ಎಷ್ಟು ಚೆನ್ನಾಗಿ ಹಾಡಿದ್ದಾನೆ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದೆ ಅಂದಳು.

ನಾನು ಅಂದೆ: "ಗಾಜು ತ್ಯಗೀರಿ. ಒಳಗ ನುಣ್ಣಗಿದ್ದ ಜಾಗದಾಗ ನಂಬರ ಇರತೈತಿ. ಕಡೀಕ ನಲವತ್ತೆರಡು ಇರಲಿಲ್ಲಂದ್ರ ನಾ ಸುಳ್ಳಿ. ಹಂಗಽ ಎದ್ದು ಹೋಗ್ತೀನಿ."

ಅಲ್ಮಾಜ್ ನನ್ನ ಮುಖವನ್ನು ನೋಡಿದಳು. ಎದ್ದು ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದಳು. ಚೌಕಟ್ಟಿನ ಹಿಂದಿನ ನಾಲ್ಕು ಸ್ಕ್ರೂಗಳನ್ನು ತಾನೇ ತೆಗೆದಳು, ಕಾಲಿನ್‌ಗೆ ಮುಟ್ಟಲು ಬಿಡಲಿಲ್ಲ. ರಿಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತುಟಿ ಅಲ್ಲಾಡಿಸುತ್ತ ಓದಿದಳು. ನಾಲ್ಕು, ಎರಡು.

ಕಾಲಿನ್ ವ್ಯಾನಿನಿಂದ ರಿಕಾರ್ಡು ಹಾಕುವ ಪೆಟ್ಟಿಗೆ ತರಲೇ ಎಂದು ಕೇಳಿದ. ಆಕೆ ಬೇಡ ಅಂದಳು. "ಇದರಾಗ ಇರೋದು ಕೆಬೆದೆ ಆದ್ರ ಅವನ ಮುಂದಽ ಹಾಕೂಣು. ಅವನ ಮಗಳು ಮೊದಲು ಕೇಳ್ಲಿ."

ಮೂರನೇ ಬಟ್ಟಲು ಕುಡಿಸಿಯೇ ಕಳಿಸಿದಳು.

ಮತ್ತೆ ಲೀಡ್ಸ್

ಪರೀಕ್ಷೆಗೆ ಒಂದು ದಿನ ಉಳಿದಿತ್ತು. ಅಲ್ಮಾಜ್ ದಾರಿಯುದ್ದಕ್ಕೂ ರಿಕಾರ್ಡನ್ನು ದಿಂಬಿನ ಚೀಲದಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ವ್ಯಾನು ಗುಂಡಿ ಹಾರಿದಾಗ ರಿಕಾರ್ಡಿನ ಜೊತೆ ತಾನೂ ಮೇಲೇಳುತ್ತಿದ್ದಳು. ನಾನು ಚಪಾತಿ ಪಲ್ಯ ಕಟ್ಟಿಕೊಂಡಿದ್ದೆ. ಅವರ ಉಪವಾಸದ ದಿನವಂತೆ, ಹಾಲು ತುಪ್ಪ ಮುಟ್ಟುವುದಿಲ್ಲ ಅಂದಳು. ಎಣ್ಣೆಯ ಚಪಾತಿ ಎಂದು ವಿದ್ಯಾ ಹೇಳಿದ ಮೇಲೆ ಮೂರು ತಿಂದಳು.

ಹಿರುತ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದ್ದಳು. ಅವಳ ಮುಖದಲ್ಲಿ, ಇದೂ ಒಂದು ಆಗಿಹೋಗಲಿ ಎಂಬಂತಿತ್ತು. ಕೆಬೆದೆಯೂ ಅಲ್ಮಾಜೂ ಭುಜಕ್ಕೆ ಭುಜ ಮೂರು ಸಲ ತಾಗಿಸಿ ನಮಸ್ಕಾರ ಹೇಳಿಕೊಂಡರು. ಇಬ್ಬರೂ ಒಂದೇ ದೇಶದಲ್ಲಿ ನಲವತ್ತು ವರ್ಷ ಇದ್ದು, ಅವರ ಚರ್ಚಿನ ಹಬ್ಬಗಳಲ್ಲಿ ಎದುರಾದರೂ ಈ ರಿಕಾರ್ಡಿನ ಮಾತು ಎತ್ತಿರಲಿಲ್ಲ. ಆತ ಯಾಕೆ ಹೇಳಲಿಲ್ಲ ಎಂದು ಆಕೆ ಕೇಳಿದಳು. "ನೀ ಅದಕ್ಕ ಗಾಜು ಹಾಕಿಸಿದ್ದಿ. ಹೆಂಗ ಹೇಳ್ಲಿ?" ಅಂದ.

ಕಾಲಿನ್ ಪೆಟ್ಟಿಗೆ ಬಿಚ್ಚಿದ. ಅಲ್ಮಾಜ್ ತಾನೇ ರಿಕಾರ್ಡು ಇಟ್ಟಳು. ಮುಳ್ಳು ಇಡಲು ಮಾತ್ರ ಕಾಲಿನ್‌ಗೆ ಬಿಟ್ಟಳು. ಅವನು ಮುಳ್ಳನ್ನು ಎರಡು ಸಲ ಒರೆಸಿ ಇಟ್ಟ. ನಮ್ಮ ಕಾರ್ಖಾನೆಯಲ್ಲಿ ಒಂದು ದಿನಕ್ಕೆ ಸಾವಿರ ಒತ್ತುತ್ತಿದ್ದೆವು, ಬಿದ್ದವನ್ನು ಒದ್ದು ಮೂಲೆಗೆ ತಳ್ಳುತ್ತಿದ್ದೆವು. ಹೇಳಲು ಹೋಗಲಿಲ್ಲ.

ಮೊದಲು ಮೂಗಿನಿಂದ ಜೋರಾಗಿ ಉಸಿರು ಎಳೆದ ಸದ್ದು. ಆಮೇಲೆ ಹಾಡು.

ವಾದ್ಯದವರು ಅವರೇ, ಚೆನ್ನಾಗಿಯೇ ಬಾರಿಸುತ್ತಿದ್ದರು. ಹಾಡುವವನು ಡ್ರಮ್ಮಿಗಿಂತ ಮುಂದೆ ಓಡುತ್ತಿದ್ದ. ಮೇಲಿನ ಸ್ವರಕ್ಕೆ ಹೋದಾಗ ಮುಟ್ಟದೆ ಕೆಳಗೇ ಉಳಿಯುತ್ತಿದ್ದ. ಪ್ರತಿ ಸಾಲಿಗೂ ಮುಂಚೆ ಮೂಗಿನಿಂದ ಸೊರ್ರನೆ ಉಸಿರು. ಎರಡನೇ ಸಾಲಿಗೇ ಹಿರುತ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಗೊತ್ತಾಯಿತು, ಆತ ಪಾತ್ರೆ ತೊಳೆಯುವಾಗ ಗುನುಗುವುದು ಹೀಗೇ, ಇದೇ ಉಸಿರು. ಅವಳು ಹುಟ್ಟಿದಾಗಿನಿಂದ ಕೇಳಿದ್ದು.

"ಇದು ನೀನಽ" ಅಂದಳು ಅಪ್ಪನಿಗೆ.

"ಮತ್ತ ಯಾರು?"

ಹಾಡು ಮುಗಿಯಿತು. ಕೆಬೆದೆ ನನ್ನ ಕಡೆ ತಿರುಗಿ ಹೇಗಿತ್ತು ಎಂದು ಕೇಳಿದ.

"ಚಲೋ ಇಲ್ಲ" ಅಂದೆ. ವಿದ್ಯಾ ಇದನ್ನು ಸ್ವಲ್ಪ ಬದಲಿಸಿ ಹೇಳಿದಳು. ಆದರೂ ಆತನಿಗೆ ತಿಳಿಯಿತು, ಜೋರಾಗಿ ನಕ್ಕ.

"ಅದನ್ನಽ ಅಲ್ಲಾ ನಾ ಆರು ತಿಂಗಳಿಂದ ಹೇಳಾಕತ್ತಿದ್ದು! ಕಾಲಿನ್ ತಂದ ಹಾಡು ಭಾಳ ಚಂದ ಐತಿ. ಅಷ್ಟು ಚಂದ ನಾ ಯಾವತ್ತೂ ಹಾಡಿಲ್ಲ. ಖರೇನಽ ನೆನಪು ಹೋಗಿದ್ರ, ಹೌದು ನಂದಽ ಅಂತಿದ್ದೆ."

ಕಾಲಿನ್ ಹೊಸ ರಿಕಾರ್ಡಿನ ಹೊದಿಕೆಯಿಂದ ಕೆಬೆದೆಯ ಫೋಟೋ ತೆಗೆಸಿ ವೊರ್ಕುವಿನದು ಹಾಕಿಸುವೆ ಅಂದ. ಅಚ್ಚಿಗೆ ಹೋಗಿರಲಿಲ್ಲ, ಒಂದು ವಾರ ತಡವಾಗುತ್ತದೆ ಅಷ್ಟೇ. ಫೋಟೋ ಕೊಡುತ್ತೇನೆ, ಆದರೆ ಕೈಗೆ ಕೊಡುವುದಿಲ್ಲ, ಮನೆಗೇ ಬಂದು ಅದರ ನಕಲು ತೆಗೆದುಕೊಳ್ಳಿ ಅಂದಳು ಅಲ್ಮಾಜ್. ನಿಮ್ಮ ಈ ಹಾಡನ್ನೂ ಕೊನೆಯಲ್ಲಿ ಸೇರಿಸಬಹುದು ಎಂದು ಕಾಲಿನ್ ನೆಲ ನೋಡುತ್ತ ಕೆಬೆದೆಗೆ ಹೇಳಿದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಬ್ಯಾಡಪ್ಪಾ" ಅಂದ ಕೆಬೆದೆ. ಮ್ಯಾಂಚೆಸ್ಟರಿನಲ್ಲಿ ಆತನಿಂದ ಹಾಡಿಸಬೇಕೆಂದು ಒಂದು ಹಾಲ್ ಗೊತ್ತು ಮಾಡಿದ್ದರಂತೆ. ಅದೂ ರದ್ದು. ಆತನಿಗೆ ಇದರಿಂದ ಒಂದು ಕೂದಲಿನಷ್ಟೂ ಬೇಸರವಾದಂತೆ ಕಾಣಲಿಲ್ಲ.

ಹಿರುತ್ ಫೋನು ತೆಗೆದುಕೊಂಡು ಹೊರಗೆ ಹೋಗಿ ನಾಳೆಯ ಪರೀಕ್ಷೆ ಬೇಡವೆಂದು ಹೇಳಿ ಬಂದಳು. ಬಂದವಳು ಅಪ್ಪನ ಎದುರು ಸ್ಟೂಲು ಎಳೆದುಕೊಂಡು ಕೂತಳು. ಆಮೇಲೆ ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಅದನ್ನು ಅಲ್ಮಾಜ್ ಇಂಗ್ಲಿಷಿನಲ್ಲಿ ವಿದ್ಯಾಳಿಗೆ ಹೇಳಿ, ವಿದ್ಯಾ ನನಗೆ ಹೇಳಿದಳು.

"ಅಪ್ಪಾ, ನೀ ಹೇಳಿದ್ರೂ ನಾ ನಂಬದಽ ಬಿಟ್ಟದ್ದು ಇನ್ನೂ ಏನೇನೈತಿ ಅಂತ ಕೇಳಾಕತ್ತಾಳ, ಆಯಿ."

ಕೆಬೆದೆ ಕುರ್ಚಿಯಲ್ಲಿ ನೆಟ್ಟಗೆ ಕೂತ. ಹೆಬ್ಬೆರಳು ಮಡಚಿದ. ಹೊಸ ನೀಲಿ ಗುಳಿಗೆ ನುಂಗಿದ ದಿನ ತಲೆ ತಿರುಗುತ್ತದೆ. ತೋರುಬೆರಳು ಮಡಚಿದ. ಪಕ್ಕದ ಮನೆಯವನು ನಮ್ಮ ಕಸದ ಡಬ್ಬಿ ಒಯ್ದಿದ್ದಾನೆ, ತನ್ನ ಒಡೆದದ್ದನ್ನು ಇಲ್ಲಿ ಇಟ್ಟಿದ್ದಾನೆ. ಮೂರನೆಯದು, ಮನೆ ಬಿಸಿ ಮಾಡುವ ಯಂತ್ರ ನೋಡಲು ಬಂದವನು ಮುಚ್ಚಳ ತೆಗೆಯದೆಯೇ ಹೋದ. ಹಿರುತ್ ಚೀಲದಿಂದ ಪೆನ್ನು ತೆಗೆದು ಒಂದು ಲಕೋಟೆಯ ಹಿಂದೆ ಬರೆದುಕೊಳ್ಳತೊಡಗಿದಳು.

ನಾವು ಚಪ್ಪಲಿ ಮೆಟ್ಟಿಕೊಂಡು ಹೊರಡುವ ಹೊತ್ತಿಗೆ ಆತ ಎರಡನೇ ಕೈಗೆ ಬಂದಿದ್ದ.